ಹುಳು ಮನೆಯ ಕೆಂಡ: ಶಿಡ್ಲಘಟ್ಟ ಕಡೆಯ ಒಂದು ವಿಷಬಾಧೆ ಪ್ರಕರಣ

ಹಿನ್ನೆಲೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ರೇಷ್ಮೆ ಬೆಳೆಯುವ ಕುಟುಂಬ. ಗುರುತು ಸಿಗಬಾರದೆಂದು ವಯಸ್ಸು, ದಿನ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದೆ. ಮನೆಯಲ್ಲಿ ಐದು ಜನ: 46 ವರ್ಷದ ಯಜಮಾನ, 40 ವರ್ಷದ ಹೆಂಡತಿ, 23 ವರ್ಷದ ಮಗ, ಆರು ತಿಂಗಳ ಬಸುರಿ ಸೊಸೆ, ಯಜಮಾನನ ತಾಯಿ. ಎರಡು ಎಕರೆ ಹಿಪ್ಪುನೇರಳೆ ತೋಟ, ಬೆಳೆಗೆ 200 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ಒಂದು ಮೊಟ್ಟೆ ಎಂದು ಎಣಿಸುತ್ತಾರೆ). ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ದಾಟಿದ ಹುಳುವನ್ನು ಚಾಕಿ ಕೇಂದ್ರದಿಂದ, ಅಂದರೆ ಎಳೆ ಹುಳು ಸಾಕುವ ಕೇಂದ್ರದಿಂದ, ತಂದು ಕಡ್ಡಿ ಸೊಪ್ಪಿನಲ್ಲಿ (ಕಡ್ಡಿ ಸಮೇತ ಹಾಕುವ ಸೊಪ್ಪು) ಸಾಕುತ್ತಾರೆ.

ಹುಳು ಮನೆ 40 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. ಕಟ್ಟಿ ಒಂದು ವರ್ಷವಾಗಿತ್ತು. ಒಳಗೆ ಹೊರಗೆ ಗಾರೆ, ಮೇಲೆ ಸಿಮೆಂಟ್ ಶೀಟು, ಶೀಟಿಗೂ ಗೋಡೆಗೂ ನಡುವಿನ ಸಂದನ್ನು ಗಾರೆಯಲ್ಲೇ ಮುಚ್ಚಿದ್ದರು. ಹುಳುವಿಗೆ ಹಾನಿ ಮಾಡುವ ಊಜಿ ನೊಣ ಬರದಂತೆ ಕಿಟಕಿಗಳಿಗೆಲ್ಲ ನೈಲಾನ್ ಪರದೆ. ಚಳಿಗಾಲ ಬಂತೆಂದು ಪರದೆಯ ಮೇಲೆ ಟಾರ್ಪಾಲು ಬಿಗಿದು ಮೊಳೆ ಹೊಡೆದಿದ್ದರು.

ಡಿಸೆಂಬರ್ ಕೊನೆಯ ವಾರ. ಆ ಕಡೆ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹುಳುವಿಗೆ ಚಾಕಿಯಲ್ಲಿ 27–28 ಡಿಗ್ರಿ ಬೇಕು, ನಾಲ್ಕನೇ ಜ್ವರ ಎದ್ದ ಮೇಲೆ 24–25 ಸಾಕು. ಅದಕ್ಕಿಂತ ತಣ್ಣಗಾದರೆ ಹುಳು ಸೊಪ್ಪು ಮುಟ್ಟುವುದಿಲ್ಲ, ದಿನ ಎಳೆಯುತ್ತದೆ, ಗೂಡು ತೆಳುವಾಗುತ್ತದೆ. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಕೊನೆಯ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಹಾಗಾಗಿ ಆ ವಾರ ಮನೆಯವರು ಹುಳು ಮನೆಯಲ್ಲೇ ಮಲಗುತ್ತಾರೆ. ರಾತ್ರಿ ಹತ್ತಕ್ಕೆ ಒಮ್ಮೆ, ಕೋಳಿ ಕೂಗುವ ಹೊತ್ತಿಗೆ ಇನ್ನೊಮ್ಮೆ ಸೊಪ್ಪು.

ಶಾಖಕ್ಕೆ ಇಟ್ಟಿದ್ದು ಗಾರೆ ಕೆಲಸದ ಎರಡು ಬಾಂಡ್ಲಿ. ಸಂಜೆ ಹೊರಗೆ ಇದ್ದಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಪಗಾದ ಮೇಲೆ ಎಂಟು ಗಂಟೆಗೆ ಒಳಗೆ ತರುತ್ತಿದ್ದರು. ಬೆಳಗಿನವರೆಗೂ ಆರದೆ ಇರಲಿ ಎಂದು ಮೇಲೆ ಬೂದಿ ಮುಚ್ಚುತ್ತಿದ್ದರು. ತೇವಾಂಶಕ್ಕೆಂದು ಒಂದರ ಮೇಲೆ ನೀರಿನ ಪಾತ್ರೆ. ತಾತನ ಕಾಲದಿಂದ ಹೀಗೇ ಮಾಡಿಕೊಂಡು ಬಂದವರು, ಯಾರಿಗೂ ಏನೂ ಆಗಿರಲಿಲ್ಲ. ಆದರೆ ತಾತನ ಕಾಲದ ಹುಳು ಮನೆಗೆ ಇದ್ದದ್ದು ನಾಡಹೆಂಚು. ಹೆಂಚಿನ ಸಂದುಗಳಲ್ಲಿ ಗಾಳಿ ಆಡುತ್ತಿತ್ತು. ಪ್ರಕರಣದ ಬೇರು ಇರುವುದು ಇಲ್ಲೇ. ಕೆಂಡ ಹಳೆಯದೇ, ಮನೆ ಹೊಸದು. ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಹೋಗಲು ಹೊಸ ಮನೆಯಲ್ಲಿ ದಾರಿ ಇರಲಿಲ್ಲ.

ಮೊದಲ ಎರಡು ಬೆಳಗು

ಮೊದಲ ದಿನ ಬೆಳಗ್ಗೆ ಗಂಡ, ಹೆಂಡತಿ, ಮಗ ಮೂವರಿಗೂ ತಲೆ ಸಿಡಿಯುವಷ್ಟು ನೋವು, ವಾಂತಿ, ಕಣ್ಣು ಕತ್ತಲೆ. ಹಿಂದಿನ ರಾತ್ರಿ ಊರಹಬ್ಬದ ಊಟ ಆಗಿತ್ತು. ಊಟ ಕೆಟ್ಟಿರಬೇಕು ಎಂದು ಹತ್ತಿರದ ಚಿಕಿತ್ಸಾಲಯದಲ್ಲಿ ವಾಂತಿಗೆ ಔಷಧಿ, ಓಆರ್‌ಎಸ್ ಕೊಟ್ಟು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮೂವರೂ ಸುಧಾರಿಸಿದರು. ಔಷಧಿಯಿಂದಲೇ ವಾಸಿಯಾಯಿತು ಎಂದುಕೊಂಡದ್ದು ಸಹಜ. ನಿಜದಲ್ಲಿ ಅವರು ಹೊರಗಿನ ಗಾಳಿಯಲ್ಲಿ ಐದಾರು ಗಂಟೆ ಇದ್ದರು, ಅಷ್ಟೇ. ಯಾರಿಗೂ ಭೇದಿ ಆಗಿರಲಿಲ್ಲ, ಜ್ವರ ಬಂದಿರಲಿಲ್ಲ. ಅದೇ ಊಟ ಮಾಡಿದ ಅಜ್ಜಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರು. ಈ ಮೂರನ್ನೂ ಯಾರೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಹೆಂಡತಿ ಬೆಳಗಿನ ಜಾವ ಸೊಪ್ಪು ಹಾಕುವಾಗ ಹುಳು ಸಾಕುವ ಅಟ್ಟಣಿಗೆಯ ಪಕ್ಕದಲ್ಲೇ ಕುಸಿದು ಬಿದ್ದರು. ಒಂದೆರಡು ನಿಮಿಷ ಪ್ರಜ್ಞೆ ಇರಲಿಲ್ಲ. ಈ ಸಲ ಹೋದದ್ದು ಹಾಸಿಗೆ ಸೌಲಭ್ಯ ಇರುವ ಆಸ್ಪತ್ರೆಗೆ. ಅಲ್ಲಿ ಕೇಳಿದ ಪ್ರಶ್ನೆ ಸರಿಯಾದದ್ದೇ: ತೋಟಕ್ಕೆ ಔಷಧಿ ಹೊಡೆದಿದ್ದೀರಾ? ಹೊಡೆದಿದ್ದರು, ನುಸಿಗೆಂದು ಡೈಮಿಥೋಯೇಟ್, ಮೂರು ವಾರದ ಹಿಂದೆ. ಅದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ. ಈ ಕಡೆಯ ಆಸ್ಪತ್ರೆಗಳಿಗೆ ಆ ಗುಂಪಿನ ವಿಷಬಾಧೆ ಹೊಸದಲ್ಲ, ಕೈ ತಾನಾಗಿ ಅದರ ಮದ್ದಾದ ಅಟ್ರೋಪಿನ್ ಕಡೆಗೆ ಹೋಗುತ್ತದೆ.

ಇಲ್ಲಿ ವೈದ್ಯರು ತೆಗೆದುಕೊಂಡ ಒಂದು ತೀರ್ಮಾನ ಗಮನಿಸಬೇಕಾದದ್ದು. ಆರ್ಗನೋಫಾಸ್ಫೇಟ್ ಆಗಿದ್ದರೆ ಕಣ್ಣಿನ ಪಾಪೆ ಸಾಸಿವೆಯಷ್ಟಾಗಬೇಕು, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ ಸದ್ದು ಇರಬೇಕು. ಟಾರ್ಚ್ ಬಿಟ್ಟು ನೋಡಿದರೆ ಪಾಪೆ ಮಾಮೂಲಿನಂತೆ ಇತ್ತು, ಬಾಯಿ ಒಣಗಿತ್ತು. ಅನುಮಾನ ಇದ್ದುದರಿಂದ ಪೂರ್ತಿ ಪ್ರಮಾಣ ಕೊಡದೆ ಪರೀಕ್ಷೆಗೆಂದು 1 ಮಿಲಿಗ್ರಾಂ ಅಟ್ರೋಪಿನ್ ಕೊಟ್ಟರು. ನಾಡಿ 96ರಿಂದ 138ಕ್ಕೆ ಹಾರಿತು, ಪಾಪೆ ಹಿಗ್ಗಿತು. ಗಂಭೀರ ಆರ್ಗನೋಫಾಸ್ಫೇಟ್ ಬಾಧೆ ಇದ್ದವರಲ್ಲಿ ಅಷ್ಟು ಅಟ್ರೋಪಿನ್ ಅಷ್ಟು ಸುಲಭವಾಗಿ ಈ ಲಕ್ಷಣ ತೋರಿಸುವುದಿಲ್ಲ. ಅದೇ ವಿಷಕ್ಕೆ ಕೊಡುವ ಇನ್ನೊಂದು ಮದ್ದು ಪ್ರಾಲಿಡಾಕ್ಸಿಮ್ ಹಾಕುವುದನ್ನು ಅಲ್ಲಿಗೇ ತಡೆದರು. ಆ ವಿಷ ತಗ್ಗಿಸುವ ಕಿಣ್ವವಾದ ರಕ್ತದ ಕೋಲಿನೆಸ್ಟರೇಸ್ ವರದಿ ಮಾರನೇ ದಿನ ಬಂತು, ಸಹಜ ಮಟ್ಟದಲ್ಲಿತ್ತು.

ಹುಳು ಮನೆ ತೊಳೆದ ಫಾರ್ಮಲಿನ್ ಮೇಲೂ ಸಂದೇಹ ಬಂತು. ಆದರೆ ಸಿಂಪಡಿಸಿ 20 ದಿನವಾಗಿತ್ತು. ಅದರಿಂದ ಏಳುವ ಫಾರ್ಮಾಲ್ಡಿಹೈಡ್ ಇದ್ದರೆ ಮೊದಲು ಕಣ್ಣು ಉರಿಯುತ್ತದೆ, ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ. ಮೂವರಲ್ಲಿ ಯಾರಿಗೂ ಅದಿರಲಿಲ್ಲ.

ಎರಡು ಕಾರಣ ಸರಿಯಾಗಿಯೇ ಬಿದ್ದುಹೋದವು. ಮೂರನೆಯದನ್ನು ಹುಡುಕುವ ಹೊತ್ತಿಗೆ ಎರಡು ಸಂಗತಿ ದಾರಿ ತಪ್ಪಿಸಿದವು.

ಮೊದಲನೆಯದು ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್. ಅದು 98 ತೋರಿಸಿತು, ಅಂದರೆ ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದೆ ಎಂದು. ಆ ಸಾಧನ 660 ಮತ್ತು 940 ನ್ಯಾನೋಮೀಟರ್ ಸುತ್ತಮುತ್ತಲಿನ ಎರಡು ಬೆಳಕು ಹಾಯಿಸಿ, ರಕ್ತ ಎಷ್ಟು ಹೀರುತ್ತದೆ ಎಂದು ಲೆಕ್ಕ ಹಾಕುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೀರುವ ಬಗೆ, ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ಹೀರುವ ಬಗೆ ಹೆಚ್ಚುಕಡಿಮೆ ಒಂದೇ. ಸಾಧನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಮಾಮೂಲಿ ರಕ್ತಾನಿಲ ಯಂತ್ರವೂ ಇದೇ ಮೋಸ ಮಾಡುತ್ತದೆ. ಅದು ಆಮ್ಲಜನಕದ ಒತ್ತಡ ಅಳೆದು ಉಳಿದದ್ದನ್ನು ಲೆಕ್ಕದಿಂದ ಬರೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಅನ್ನು, ಅಂದರೆ ಕಾರ್ಬಾಕ್ಸಿಹಿಮೋಗ್ಲೋಬಿನ್ ಅನ್ನು, ನೇರವಾಗಿ ಅಳೆಯುವ ಕೋ-ಆಕ್ಸಿಮೀಟರ್ ಬೇಕೇ ಬೇಕು. ಅದು ಆ ಆಸ್ಪತ್ರೆಯಲ್ಲಿ ಇರಲಿಲ್ಲ.

ಎರಡನೆಯದು ಹುಳು. ‘ಹುಳು ಮನೆ ಗಾಳೀಲಿ ಏನಾದ್ರೂ ಇತ್ತಾ?’ ಎಂದು ನರ್ಸ್ ಕೇಳಿಯೇ ಕೇಳಿದ್ದರು. ಯಜಮಾನನ ಉತ್ತರ: ‘ವಿಷ ಇದ್ರೆ ಮೊದಲು ಹುಳು ಸಾಯ್ತಿರ್ಲಿಲ್ವಾ ಮೇಡಂ? ಹುಳು ಚೆನ್ನಾಗಿ ಸೊಪ್ಪು ತಿಂತಾ ಇದೆ.’ ರೇಷ್ಮೆ ಬೆಳೆಗಾರನ ಬಾಯಲ್ಲಿ ಇದು ಅನುಭವದ ಮಾತು. ಪಕ್ಕದ ಹೊಲದಲ್ಲಿ ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಸೊಪ್ಪಿಗೆ ತಾಗಿದರೂ ಹುಳು ಉದುರಿಹೋಗುವುದನ್ನು ಅವರು ಕಂಡಿದ್ದಾರೆ. ಆದರೆ ಕಾರ್ಬನ್ ಮಾನಾಕ್ಸೈಡ್ ಮನುಷ್ಯನನ್ನು ಹಿಡಿಯುವುದು ಹಿಮೋಗ್ಲೋಬಿನ್ ಮೂಲಕ. ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹುಳುವಿನ ಮೈಬದಿಯ ರಂಧ್ರಗಳಿಂದ ಗಾಳಿ ಸಣ್ಣ ಸಣ್ಣ ಕೊಳವೆಗಳಲ್ಲಿ ನೇರ ಅಂಗಾಂಶಕ್ಕೇ ಹೋಗುತ್ತದೆ, ಆಮ್ಲಜನಕ ಹೊರುವುದಕ್ಕೆ ಅದಕ್ಕೆ ಹಿಮೋಗ್ಲೋಬಿನ್ ಬೇಕಿಲ್ಲ. ಮನುಷ್ಯ ಪ್ರಜ್ಞೆ ತಪ್ಪುವ ಮಟ್ಟದಲ್ಲೂ ಹುಳು ಸೊಪ್ಪು ತಿನ್ನುತ್ತಿರಬಹುದು. ಕೀಟನಾಶಕದ ವಿಷಯದಲ್ಲಿ ಹುಳು ನಂಬಬಹುದಾದ ಸಾಕ್ಷಿ. ಕೆಂಡದ ವಿಷಯದಲ್ಲಿ ಅದರ ಸಾಕ್ಷಿಯನ್ನು ನಂಬಿದರೆ ಜೀವಕ್ಕೇ ಅಪಾಯ.

ಆಕ್ಸಿಮೀಟರ್ ಚೆನ್ನಾಗಿದೆ ಎಂದು ಆಮ್ಲಜನಕ ಕೊಡಲಿಲ್ಲ. ಸಂಜೆಗೆ ಬಿಡುಗಡೆ ಮಾಡಿದರು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ಹೊತ್ತು, ಆಕೆ ನೇರ ಹುಳು ಮನೆಗೇ ಹೋದರು.

ಮೂರನೇ ಬೆಳಗು

ಮಾರನೇ ದಿನ ಬೆಳಗ್ಗೆ ಐದೂವರೆ. ಯಜಮಾನ ಎದ್ದು ನಿಲ್ಲಲು ಹೋದರೆ ಮಂಡಿ ಮಡಚಿಕೊಂಡಿತು. ತೆವಳುತ್ತ ಬಾಗಿಲವರೆಗೆ ಹೋಗಿ ತಳ್ಳಿದರು. ಮಗ ಎಬ್ಬಿಸಿದರೂ ಏಳಲಿಲ್ಲ. ಹೆಂಡತಿ ತೊದಲುತ್ತಿದ್ದರು. ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆ) ಹುಳು ಬಿಡುವ ಕೆಲಸವಿದೆ ಎಂದು ಎರಡು ಗಂಟೆಗೆ ಬಂದಿದ್ದ ಸೊಸೆಗೆ ತಲೆನೋವು, ವಾಕರಿಕೆ. ಅಕ್ಕಪಕ್ಕದವರು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಅದೇ ಆಸ್ಪತ್ರೆಗೆ ತಂದರು.

ಬಸುರಿಯ ವಿಷಯ ತಿಳಿದು ಊರಿನ ಆಶಾ ಕಾರ್ಯಕರ್ತೆ ಮನೆಗೆ ಓಡಿದ್ದರು. ಅಲ್ಲಿ ಇದ್ದದ್ದು ಅಜ್ಜಿ ಒಬ್ಬರೇ.

‘ಅಜ್ಜಿ, ನಿಮಗೇನೂ ಆಗಿಲ್ವಾ?’

‘ನನಗೇನಮ್ಮ ಆಗುತ್ತೆ? ನಾನು ಆ ಕೆಂಡದ ಕಾವಿಗೆ ಮಲಗಕ್ಕೆ ಹೋಗಲ್ಲ. ತಲೆ ಹಿಡ್ಕೊಳ್ಳುತ್ತೆ.’

ಆಶಾ ಕಾರ್ಯಕರ್ತೆ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದ್ದು ಎರಡೇ ಮಾತು: ಹುಳು ಮನೆಯಲ್ಲಿ ಮಲಗಿದವರಿಗೆಲ್ಲ ಆಗಿದೆ, ಮಲಗದವರಿಗೆ ಆಗಿಲ್ಲ. ಒಳಗೆ ಕೆಂಡದ ಬಾಂಡ್ಲಿ ಇದೆ. ಮೂರು ದಿನ ಸಿಗದ ಉತ್ತರ ಆ ಫೋನಿನಲ್ಲಿ ಸಿಕ್ಕಿತು. ವಿಷಬಾಧೆಯ ವಿಚಾರಣೆಯಲ್ಲಿ ಕಾಯಿಲೆ ಬಿದ್ದವರಷ್ಟೇ ಮುಖ್ಯ ಕಾಯಿಲೆ ಬೀಳದವರು. ಅವರು ಎಲ್ಲಿದ್ದರು, ಏನು ತಿಂದರು, ಏನು ಮುಟ್ಟಲಿಲ್ಲ ಎಂದು ಕೇಳಿದಾಗ ತಪ್ಪು ಕಾರಣಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಮುಂದೆ ಮಾಡಿದ್ದರ ಕ್ರಮ ಮುಖ್ಯ. ಏಳೂವರೆಗೆ ನಾಲ್ವರಿಂದಲೂ ಹೆಪಾರಿನ್ ಟ್ಯೂಬಿನಲ್ಲಿ ರಕ್ತ ತೆಗೆದು, ತುಂಬಿಸಿ, ಬಿಗಿಯಾಗಿ ಮುಚ್ಚಿ, ಸಮಯ ಬರೆದು ತಂಪಿನಲ್ಲಿಟ್ಟರು. ಅಭಿಧಮನಿಯ ರಕ್ತವೇ ಸಾಕು, ಅಪಧಮನಿ ಚುಚ್ಚಬೇಕಿಲ್ಲ. ರಕ್ತ ತೆಗೆದ ಕೂಡಲೇ, ವರದಿಗೆ ಕಾಯದೆ, ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಆಮ್ಲಜನಕ ಶುರು. ಮೊದಲೇ ಆಮ್ಲಜನಕ ಕೊಟ್ಟು ಆಮೇಲೆ ರಕ್ತ ತೆಗೆದಿದ್ದರೆ ಅಂಕಿ ಕಡಿಮೆ ಬರುತ್ತಿತ್ತು. ವರದಿಗೆ ಕಾಯುತ್ತ ಕೂತಿದ್ದರೆ ಜೀವಕ್ಕೆ ಕುತ್ತಾಗುತ್ತಿತ್ತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಸಿಲಿಂಡರ್ ಲೆಕ್ಕ ಹಾಕಿದರು. ಒಂದು ಆಂಬ್ಯುಲೆನ್ಸಿನಲ್ಲಿ ಇಬ್ಬರು, ತಲಾ 15 ಲೀಟರ್, ನಿಮಿಷಕ್ಕೆ 30. ಬಿ ಮಾದರಿಯ ಸಿಲಿಂಡರಿನಲ್ಲಿ ಇರುವುದು ಸುಮಾರು 1,500 ಲೀಟರ್, 50 ನಿಮಿಷಕ್ಕೆ ಮುಗಿದುಹೋಗುತ್ತದೆ. ದಾರಿ ಒಂದೂವರೆ ಗಂಟೆಗೂ ಹೆಚ್ಚು. 7,000 ಲೀಟರಿನ ಡಿ ಮಾದರಿ ಇರುವ ವಾಹನಗಳನ್ನೇ ಹಿಡಿದರು. ಸಾಮಾನ್ಯವಾಗಿ ಎಡವುವುದು ಇಲ್ಲೇ. ದಾರಿಯಲ್ಲಿ ಮುಗಿದೀತು ಎಂದು ಹರಿವನ್ನು ನಾಲ್ಕೈದು ಲೀಟರಿಗೆ ಇಳಿಸುತ್ತಾರೆ, ಮಾಸ್ಕಿನ ಚೀಲ ಚಪ್ಪಟೆಯಾಗುತ್ತದೆ, ರೋಗಿ ಎಳೆದುಕೊಳ್ಳುವುದು ಹೊರಗಿನ ಗಾಳಿಯನ್ನು.

ಏಳೂವರೆಯ ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಮಗನಿಗೆ ನೂರಕ್ಕೆ 28, ಹೆಂಡತಿಗೆ 24, ಯಜಮಾನನಿಗೆ 15, ಸೊಸೆಗೆ 12. ಬೀಡಿ, ಸಿಗರೇಟು ಸೇದದವರಲ್ಲಿ ಇದು 3ರ ಒಳಗಿರುತ್ತದೆ. ಯಜಮಾನ ಬೀಡಿ ಸೇದುವವರು, ಅವರ ಅಂಕಿಯಲ್ಲಿ ಅದರದ್ದೂ ಪಾಲಿದೆ. ಆದರೂ ಕಡಿಮೆ ಬಂದದ್ದು, ರಾತ್ರಿ ಎರಡು ಸಲ ಸೊಪ್ಪು ತರಲು ಹೊರಗೆ ಹೋಗಿ ಬಂದಿದ್ದರಿಂದ.

ಈ ಅಂಕಿಯನ್ನು ಹಿಂದಕ್ಕೆ ಲೆಕ್ಕ ಹಾಕಬೇಕು. ಬರಿಯ ಗಾಳಿ ಉಸಿರಾಡುವಾಗ ಅದು ಅರ್ಧಕ್ಕೆ ಇಳಿಯಲು ನಾಲ್ಕರಿಂದ ಐದು ಗಂಟೆ ಬೇಕು. ಹೊರಬಂದು ಎರಡು ಗಂಟೆಯಾಗಿತ್ತು, ದಾರಿಯಲ್ಲಿ ಆಮ್ಲಜನಕ ಸಿಕ್ಕಿರಲಿಲ್ಲ. ಐದು ಗಂಟೆ ಎಂದು ಹಿಡಿದರೆ ಉಳಿದಿರುವುದು ಮೂಲದ ಮುಕ್ಕಾಲು. ಮಗನದು ಹೊರಬಂದಾಗ ಸುಮಾರು 37, ಸೊಸೆಯದು ಸುಮಾರು 16 ಇದ್ದಿರಬೇಕು. ಇದು ಒರಟು ಲೆಕ್ಕ. ಅಂಕಿಗೂ ಹಾನಿಗೂ ನೇರ ಸಂಬಂಧವೂ ಇಲ್ಲ, ಕಡಿಮೆ ಅಂಕಿ ಕಂಡು ಪಾರಾದೆವು ಎನ್ನುವಂತಿಲ್ಲ.

ಬಸುರಿಯ ವಿಷಯದಲ್ಲಿ ಕಷ್ಟದ ತೀರ್ಮಾನ ಬಂತು. ಕಾರ್ಬನ್ ಮಾನಾಕ್ಸೈಡ್ ಮಾಸು ದಾಟಿ ಮಗುವಿನ ಹಿಮೋಗ್ಲೋಬಿನ್‌ಗೆ ತಾಯಿಯದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ, ನಿಧಾನವಾಗಿ ಬಿಡುತ್ತದೆ. ತಾಯಿ ಎದ್ದು ಕೂತು ಕಾಫಿ ಕೇಳಿದರೂ ಮಗು ಇನ್ನೂ ಉಸಿರು ಕಟ್ಟಿದ ಸ್ಥಿತಿಯಲ್ಲಿ ಇರಬಹುದು. ಬಸುರಿಯರಲ್ಲಿ 15ರಿಂದ 20 ದಾಟಿದರೆ ಹೆಚ್ಚು ಒತ್ತಡದ ಆಮ್ಲಜನಕ ಕೋಣೆಯನ್ನು ಯೋಚಿಸಿ ಎಂಬ ರೂಢಿ ಇದೆ. ಆ ಚಿಕಿತ್ಸೆಯ ಲಾಭದ ಬಗ್ಗೆ ತಜ್ಞರಲ್ಲಿ ಒಮ್ಮತ ಇಲ್ಲ. ಇವರ ಅಂಕಿ ಗಡಿಯಲ್ಲಿತ್ತು, ಪ್ರಜ್ಞೆ ಒಮ್ಮೆಯೂ ತಪ್ಪಿರಲಿಲ್ಲ, ಮಗುವಿನ ಎದೆಬಡಿತ ಸರಿಯಾಗಿತ್ತು. ಮತ್ತೊಂದು ಕಡೆಗೆ ಸಾಗಿಸದೆ, ತಾಯಿಗೆ ಬೇಕಾದದ್ದಕ್ಕಿಂತ ಐದು ಪಟ್ಟು ಹೊತ್ತು, ಅಂದರೆ ಸುಮಾರು 14 ಗಂಟೆ, ಮಾಸ್ಕಿನ ಆಮ್ಲಜನಕವನ್ನೇ ಮುಂದುವರಿಸಿದರು. ಹೆಚ್ಚು ಸುಸ್ತಾಗಿದ್ದವರಿಗಿಂತ ಕಡಿಮೆ ಸುಸ್ತಾಗಿದ್ದವರಿಗೆ ಹೆಚ್ಚು ಹೊತ್ತು ಮಾಸ್ಕು ಯಾಕೆ ಎಂದು ಮನೆಯವರಿಗೆ ಅರ್ಥವಾಗುವಂತೆ ಹೇಳಬೇಕಾಯಿತು.

ಪೂರ್ತಿ ಆಮ್ಲಜನಕದಲ್ಲಿ ಅರ್ಧಕ್ಕಿಳಿಯುವ ಸಮಯ ಒಂದೂಕಾಲು ಗಂಟೆಯ ಆಸುಪಾಸು. ಮೂರು ಗಂಟೆಯಲ್ಲಿ ಮಗನ ಅಂಕಿ 6ಕ್ಕೆ ಬಂತು. ಎಲ್ಲರಿಗೂ ಇಸಿಜಿ, ಟ್ರೋಪೋನಿನ್ ನೋಡಿದರು. ಹೃದಯಕ್ಕೆ ಪೆಟ್ಟು ಬಿದ್ದಿರಲಿಲ್ಲ.

ಕೋಣೆಯ ಅಳತೆ

ಒಂದು ಕೆ.ಜಿ. ಇದ್ದಲಿನಿಂದ 100 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಬಂತು ಎಂದಿಟ್ಟುಕೊಳ್ಳೋಣ. ಈ ಕೋಣೆಯ ಗಾತ್ರ ಸುಮಾರು 226 ಘನ ಮೀಟರ್. ಗಾಳಿ ಆಡದಿದ್ದರೆ ಘನ ಮೀಟರಿಗೆ 440 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ಗಾಳಿಗೆ ಹಾಕಿರುವ ಮಿತಿ 15 ನಿಮಿಷಕ್ಕೆ 100, ಒಂದು ಗಂಟೆಗೆ 35, ಎಂಟು ಗಂಟೆಗೆ 10 ಮಿಲಿಗ್ರಾಂ.

ನಂತರ ಖಾಲಿ ಹುಳು ಮನೆಯಲ್ಲಿ ಅದೇ ಎರಡು ಬಾಂಡ್ಲಿ ಇಟ್ಟು, ಮಲಗುವ ಚಾಪೆಯ ಎತ್ತರದಲ್ಲಿ ಅಳತೆಯ ಸಾಧನ ಇಟ್ಟು, ಗಾಜಿನ ಹೊರಗಿನಿಂದ ಓದಿದರು. ಒಳಗೆ ಯಾರೂ ಹೋಗಲಿಲ್ಲ. ಅರ್ಧ ಗಂಟೆಗೆ 60 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 60 ಪಾಲು; ಒಂದು ಪಿಪಿಎಂ ಎಂದರೆ ಘನ ಮೀಟರಿಗೆ ಸುಮಾರು 1.15 ಮಿಲಿಗ್ರಾಂ), ಎರಡು ಗಂಟೆಗೆ 190, ಇನ್ನೂ ಏರುತ್ತಲೇ ಇತ್ತು. 200 ದಾಟಿದ ಮೇಲೆ ಎದುರುಬದುರಿನ ಎರಡು ಕಿಟಕಿಗಳ ಟಾರ್ಪಾಲು ಹೊರಗಿನಿಂದ ಕಿತ್ತರು. 20 ನಿಮಿಷದಲ್ಲಿ 35ಕ್ಕೆ ಇಳಿಯಿತು.

ಹೊಗೆ ಹೋದ ಮೇಲೆ ಕೆಂಡ ನಿರಪಾಯ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಯಿತು. ಹೊಗೆ ಕಣ್ಣಿಗೆ ಕಾಣುತ್ತದೆ, ಉರಿಸುತ್ತದೆ, ಎಬ್ಬಿಸುತ್ತದೆ. ಕೆಂಪಗಿನ ಕೆಂಡದ ಒಳಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಮತ್ತೆ ಬಿಸಿ ಇದ್ದಲಿಗೆ ತಾಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೇಲೆ ಬೂದಿ ಮುಚ್ಚಿದರೆ ಗಾಳಿ ಸಾಲದೆ ಇನ್ನಷ್ಟು ಹುಟ್ಟುತ್ತದೆ. ನೀರಿನ ಪಾತ್ರೆ ಅದನ್ನು ಹೀರುವುದಿಲ್ಲ.

ಮಾಡಿದ ಬದಲಾವಣೆ

ಮೊದಲ ಸಲಹೆ, ‘ಕಿಟಕಿ ತೆಗೆಯಿರಿ’ ಎಂಬುದು, ಒಂದೇ ರಾತ್ರಿ ಉಳಿಯಿತು. ಮುಂದಿನ ಬೆಳೆಯಲ್ಲಿ ಕೋಣೆ 19 ಡಿಗ್ರಿಗೆ ಇಳಿದು ಹುಳು ಮಂಕಾಯಿತು, ಎರಡನೇ ರಾತ್ರಿ ಮತ್ತೆ ಮುಚ್ಚಿದರು. ತಪ್ಪು ಅವರದಲ್ಲ. ಬೆಳೆ ಕಳೆದುಕೊಂಡು ಪಾಲಿಸಬೇಕಾದ ಸಲಹೆಯನ್ನು ಯಾರೂ ಪಾಲಿಸುವುದಿಲ್ಲ.

ಎರಡನೆಯದು ಉಳಿಯಿತು. ಒಲೆಯನ್ನು ಗೋಡೆಯ ಹೊರಗೆ ಕಟ್ಟಿ, ತಗಡಿನ ಕೊಳವೆಯನ್ನು ಕೋಣೆಯೊಳಗೆ ನೆಲದಿಂದ ಎರಡು ಅಡಿ ಎತ್ತರದಲ್ಲಿ ಹಾಯಿಸಿ, ಇನ್ನೊಂದು ತುದಿಯಿಂದ ಹೊರಕ್ಕೆ ಬಿಟ್ಟರು. ಶಾಖ ಒಳಗೆ, ಅನಿಲ ಹೊರಗೆ. ಮೊದಲ ರಾತ್ರಿಯೇ ಒಳಗಿನ ಸಾಧನ 40 ತೋರಿಸಿತು. ಕಾರಣ ಎರಡು. ಕೊಳವೆಯ ಮೊಣಕೈ ಜಾಗಕ್ಕೆ ಮೆತ್ತಿದ ಜೇಡಿಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕೊಳವೆಯ ಬಾಯಿ ಸೂರಿನ ಕೆಳಗೇ ಇದ್ದುದರಿಂದ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ಶಾಖ ತಡೆಯುವ ಸಿಮೆಂಟಿನಲ್ಲಿ ಸಂದು ಮುಚ್ಚಿ, ಬಾಯಿಯನ್ನು ಚಾವಣಿಯ ತುದಿಗಿಂತ ಮೂರು ಅಡಿ ಮೇಲಕ್ಕೆ ಎತ್ತಿದ ಮೇಲೆ 0–5ರಲ್ಲಿ ನಿಂತಿತು. ಶೀಟಿನ ಕೆಳಗೆ ಥರ್ಮಾಕೋಲ್ ಒಳಚಾವಣಿ ಹಾಕಿದ್ದರಿಂದ ಸೌದೆಯೂ ಕಡಿಮೆಯಾಯಿತು.

ಮಲಗುವ ಜಾಗದಲ್ಲಿ ಅಂಕಿ ತೋರಿಸುವ ಅಲಾರಂ ಇಟ್ಟರು. ಯುರೋಪಿನ ಮಾನದಂಡದ ಅಲಾರಂ 50 ಪಿಪಿಎಂ ಇದ್ದರೆ ಒಂದರಿಂದ ಒಂದೂವರೆ ಗಂಟೆಯ ನಂತರ, 300 ಇದ್ದರೆ ಮೂರು ನಿಮಿಷದೊಳಗೆ ಕೂಗುತ್ತದೆ. ಕೂಗಿಲ್ಲ ಎಂದು ಸುಮ್ಮನಿರದೆ ಮಲಗುವ ಮುಂಚೆ ಅಂಕಿ ನೋಡಬೇಕು. ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಸಿಂಪಡಿಸುವ ದಿನ ಅದನ್ನು ಹೊರಗಿಡಬೇಕು, ಇಲ್ಲದಿದ್ದರೆ ಸಂವೇದಕ ಕೆಡುತ್ತದೆ.

ಆಮೇಲೆ ಆದದ್ದು

ಯಜಮಾನನೂ ಮಗನೂ ಸುಧಾರಿಸಿದರು. ಸೊಸೆಗೆ ತಿಂಗಳು ತುಂಬಿ ಹೆರಿಗೆಯಾಯಿತು. ಮಗುವಿನ ತೂಕ ಸರಿಯಾಗಿದೆ, ಬೆಳವಣಿಗೆಯನ್ನು ಈಗಲೂ ನೋಡುತ್ತಿದ್ದಾರೆ.

ಹೆಂಡತಿಯ ಕತೆ ಬೇರೆ. ಚೆನ್ನಾಗಿಯೇ ಮನೆಗೆ ಬಂದಿದ್ದರು. 19ನೇ ದಿನ, ಸೊಪ್ಪು ಹಾಕಿದ ಅಟ್ಟಣಿಗೆಗೇ ಮತ್ತೆ ಸೊಪ್ಪು ಹಾಕುತ್ತಿದ್ದುದನ್ನು ಮಗ ನೋಡಿದ. ನಡಿಗೆ ನಿಧಾನವಾಗಿತ್ತು, ಹಾಲಿನ ಲೆಕ್ಕ ತಪ್ಪುತ್ತಿತ್ತು. ಬಿಡುಗಡೆ ಚೀಟಿಯಲ್ಲಿ, 40 ದಿನದೊಳಗೆ ಮರೆವು, ನಡಿಗೆಯಲ್ಲಿ ವ್ಯತ್ಯಾಸ, ಸ್ವಭಾವದಲ್ಲಿ ಬದಲಾವಣೆ ಕಂಡರೆ ಕರೆತನ್ನಿ ಎಂದು ಕನ್ನಡದಲ್ಲಿ ಬರೆದಿತ್ತು. ಹಾಗೆ ಬರೆದಿರದಿದ್ದರೆ ಇದನ್ನು ದಣಿವು ಎಂದೇ ತಳ್ಳಿಹಾಕುತ್ತಿದ್ದರು. ಎಂಆರ್‌ಐಯಲ್ಲಿ ಮಿದುಳಿನ ಬಿಳಿ ಭಾಗದಲ್ಲಿ ಎರಡೂ ಕಡೆ ಬದಲಾವಣೆ ಕಂಡಿತು. ಇದಕ್ಕೆಂದೇ ಔಷಧಿ ಇಲ್ಲ, ನಡಿಗೆಯ ಅಭ್ಯಾಸ, ನೆನಪಿನ ಅಭ್ಯಾಸ ಕೊಟ್ಟರು. ಸೊಪ್ಪು ಹಾಕಿದ ಅಟ್ಟಣಿಗೆಯ ಕಂಬಕ್ಕೆ ಸೀಮೆಸುಣ್ಣದ ಗೆರೆ ಎಳೆಯುವುದನ್ನು ಮಗ ಕಲಿಸಿದ. ಆರು ತಿಂಗಳಲ್ಲಿ ನಡಿಗೆ ಮೊದಲಿನಂತಾಯಿತು. ಗೆರೆ ಎಳೆಯುವುದನ್ನು ಅವರು ಬಿಟ್ಟಿಲ್ಲ.

ಕುಟುಂಬದವರೇ ದುಡಿಯುವ ಹುಳು ಮನೆ ಕಾರ್ಖಾನೆ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿನ ಗಾಳಿಯನ್ನು ಅಳೆಯಲು ಯಾವ ತನಿಖಾಧಿಕಾರಿಯೂ ಬರುವುದಿಲ್ಲ. ಆಶಾ ಕಾರ್ಯಕರ್ತೆ ಅದೇ ಸಾಧನ ಹಿಡಿದು ಆ ಊರಿನ ಏಳು ಹುಳು ಮನೆಗಳಿಗೆ ಸಂಜೆ ಹೊತ್ತು ಹೋಗಿ ಬಂದರು. ಎರಡರಲ್ಲಿ 50 ದಾಟಿತ್ತು. ಒಂದು ಮನೆಯವರು ಅಂದೇ ಬಾಂಡ್ಲಿ ಹೊರಗೆ ಹಾಕಿದರು. ಇನ್ನೊಂದು ಮನೆಯವರು ಎದುರುಬದುರು ಎರಡು ಕಿಟಕಿ ತೆರೆದು, ಮಲಗುವುದನ್ನು ಹಳೇ ಮನೆಗೆ ಬದಲಿಸಿದ್ದಾರೆ. ಕೆಂಡ ಇನ್ನೂ ಒಳಗೇ ಇದೆ.